ಆಯಿಯ ಖೋಲಿಯಲ್ಲಿ ನಿಲ್ಲದ ಗೆರೆ

ಆ ವಾಡೆಯ ಅಳತೆ ಮೂರು ದಿನದ ಕೆಲಸ ಎಂದು ಆಫೀಸಿನಲ್ಲಿ ಎಲ್ಲರೆದುರು ಹೇಳಿ ಬಂದವಳು ನಾನೇ. ಹಿಡಿದದ್ದು ಹದಿನೈದು ದಿನ. ಹೆಚ್ಚಾದ ಹನ್ನೆರಡು ದಿನಗಳಿಗೆ ಬಿಸಿಲನ್ನಾಗಲಿ, ಚಿತ್ತಾಪುರದಿಂದ ಹೊತ್ತಿಗೆ ಸರಿಯಾಗಿ ಬಾರದ ಬಸ್ಸನ್ನಾಗಲಿ ದೂರಿ ಪಾರಾಗುವಂತಿಲ್ಲ. ಎಡವಟ್ಟು ನನ್ನ ಕೈಯಿಂದಲೇ ಆದದ್ದು.

ಕಲಬುರಗಿಯ ನಮ್ಮ ಆಫೀಸು ಸಣ್ಣದು. ಹಳೆಯ ಮನೆಗಳನ್ನು ಅಳೆದು ನಕ್ಷೆ ಬರೆದುಕೊಡುವುದು ನಮ್ಮ ಕೆಲಸ. ಆ ವರ್ಷ ಒಂದು ಸಂಸ್ಥೆ ನಮ್ಮ ಕಡೆಯ ಹಳೆ ಮಣ್ಣಿನ ಮಾಳಿಗೆಗಳನ್ನು, ಅಂದರೆ ತೊಲೆಯ ಮೇಲೆ ಮಣ್ಣು ಹೊದೆಸಿದ ಛಾವಣಿಗಳನ್ನು, ದುರಸ್ತಿ ಮಾಡಿಸಿಕೊಡಲು ಮುಂದೆ ಬಂದಿತ್ತು. ಷರತ್ತು ಎರಡೇ. ಇಡೀ ಮನೆಯ ನಿಖರ ನಕ್ಷೆ ಬೇಕು. ಮನೆಯಲ್ಲಿರುವ ಎಲ್ಲರೂ ಒಂದೇ ಕಾಗದದ ಮೇಲೆ ಸಹಿ ಹಾಕಬೇಕು. ಪಾಲಾಗಿ ಒಡೆದ ಮನೆಗೆ ದುರಸ್ತಿ ಇಲ್ಲ. ಕೇಳಲು ಎಷ್ಟು ಸುಲಭ!

ಊರು ಗುಂಡಗುರ್ತಿಯಿಂದ ಒಳಗೆ ಹೋದರೆ ಸಿಗುತ್ತದೆ, ಹೆಸರು ಬೇಡ. ನನ್ನ ಜೊತೆಗಿದ್ದವರು ಚಿತ್ತಾಪುರದ ಒಬ್ಬ ಹಿರಿಯ ಗೌಂಡಿ, ಮಣ್ಣು ಕಲ್ಲಿನ ಮನೆ ಕಟ್ಟುವವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಮಣ್ಣಿನ ಗೋಡೆಯ ಮೇಲೆ ಅಂಗೈ ಇಟ್ಟು ಒಳಗಿನ ರೋಗ ಹೇಳಬಲ್ಲ ಮನುಷ್ಯ. ಕೇಳದಿದ್ದರೆ ಮಾತ್ರ ತಾವಾಗಿ ಒಂದು ಮಾತೂ ಹೇಳುವುದಿಲ್ಲ. ಆ ಗುಣದಿಂದ ನನಗೆ ಏನೇನಾಯಿತು ಎಂಬುದು ಮುಂದೆ ಬರುತ್ತದೆ.

ವಾಡೆ ಹೊರಗಿನಿಂದ ಸಣ್ಣ ಕೋಟೆಯಂತಿತ್ತು. ಸುತ್ತ ಮೂರು ಅಡಿ ದಪ್ಪದ ಗೋಡೆ, ಹೊರಮೈ ಕಲ್ಲು, ಒಳಮೈ ಮಣ್ಣು. ಇಡೀ ಮನೆಗೆ ಒಂದೇ ದರವಾಜಾ. ಒಳಗೆ ಹೋದರೆ ಫರಸಿ ಕಲ್ಲು ಹಾಸಿದ ದೊಡ್ಡ ಅಂಗಳ. ಬಲಕ್ಕೆ ಅಣ್ಣನ ಸಂಸಾರ, ಎಡಕ್ಕೆ ತಮ್ಮನ ಸಂಸಾರ. ದರವಾಜದ ಎದುರಿಗೆ, ಹಿಂದಿನ ಗೋಡೆಗೆ ಅಂಟಿಕೊಂಡು ಒಂದೇ ಒಂದು ಖೋಲಿ. ಅದರಲ್ಲಿ ಇರುವವರು ಅಣ್ಣ ತಮ್ಮಂದಿರ ಸೋದರತ್ತೆ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು, ಐವತ್ತು ವರ್ಷದಿಂದ ಅದೇ ಖೋಲಿಯಲ್ಲಿದ್ದಾರೆ. ಅಣ್ಣ ತಮ್ಮಂದಿರಿಗೆ ಆಕೆ ಅತ್ತಿ, ಊರಿಗೆಲ್ಲ ಆಯಿ. ನಾನೂ ಆಯಿ ಎಂದೇ ಕರೆದೆ.

ಮೊದಲ ದಿನ ಕಾಕಾ ಮಾಳಿಗೆ ಹತ್ತಿದರು. ಅರ್ಧ ತಾಸು ಮೇಲೆ ಕುಕ್ಕರಗಾಲಲ್ಲಿ ಓಡಾಡಿ, ಇಳಿದು ಬಂದು ಆಯಿಯ ಖೋಲಿಗೆ ನಡೆದರು. ತಲೆಯ ಮೇಲಿನ ತೊಲೆಯ ತುದಿಗೆ, ಅದು ಗೋಡೆಯೊಳಗೆ ಹೋಗುವ ಕಡೆ, ಒಂದು ಕಬ್ಬಿಣದ ಸಲಾಕೆ ಚುಚ್ಚಿದರು. ಸಲಾಕೆ ಗೇಣುದ್ದ ಒಳಗೆ ಹೋಯಿತು. ಹೊರಗೆಳೆದಾಗ ಒಣ ಹಿಟ್ಟಿನಂಥ ಪುಡಿ ಉದುರಿತು. ಏನಾಗಿದೆ ಎಂದು ಕೇಳಿದೆ.

"ಪೂರಾ ಒರಲಿ ತಿಂದಾದ. ಮಿರಗದ ಮಳಿ ಒಂದು ಜೋರ್ ಬಂದ್ರ ಮ್ಯಾಲಿನ ಮಣ್ಣು ನೆನದು ಭಾರ ಆಗ್ತದ. ಆಮೇಲ ಹೇಳಾಕ ಬರಂಗಿಲ್ಲ," ಎಂದರು.

ಆ ತೊಲೆಯ ಕೆಳಗೇ ಆಯಿ ಮಲಗುವ ಹೊರಸು ಇತ್ತು. ಹೊರಸನ್ನು ಬದಿಗೆ ಸರಿಸಿಕೊಳ್ಳಿ ಎಂದೆ. "ಬೆಳಕಿಂಡಿ ಗಾಳಿ ಇಲ್ಲೇ ಬೀಳ್ತದ. ಸತ್ತರ ಗಾಳಿಯೊಳಗ ಸಾಯ್ತೀನಿ ಬಿಡವ್ವ," ಎಂದು ಆಕೆ ಹೊರಸಿನ ಮೇಲೇ ಕುಳಿತರು. ಕಾಕಾ ಒಂದು ಬೇವಿನ ಕಂಬ ತಂದು ತೊಲೆಗೆ ಆಸರೆಯಾಗಿ ಟೇಕು ಕೊಟ್ಟರು. ಮಳೆಗೆ ಐದಾರು ವಾರವಿತ್ತು. ನಕ್ಷೆ ಮತ್ತು ಸಹಿ ಬೇಗ ಹೋದರೆ ಅಷ್ಟರಲ್ಲಿ ಮಾಳಿಗೆ ಬಿಚ್ಚಿ ತೊಲೆ ಬದಲಿಸಬಹುದಿತ್ತು.

ಎರಡನೆಯ ದಿನ ನಾನು ಮಾಡಿದ್ದನ್ನು ವಿವರವಾಗಿ ಹೇಳಬೇಕು. ಇಂಥ ಮನೆಯ ಒಂದು ಗೋಡೆಯೂ ನೇರ ಇರುವುದಿಲ್ಲ. ಅದಕ್ಕೆ ಮೊದಲು ನಡುವೆ ಒಂದು ನೇರ ಗೆರೆ ಹಾಕಿಕೊಳ್ಳುತ್ತೇವೆ. ಆ ಗೆರೆಯಿಂದ ಐದೈದು ಅಡಿಗೆ ಬಲಕ್ಕೆ ಇಷ್ಟು, ಎಡಕ್ಕೆ ಇಷ್ಟು ಎಂದು ಗೋಡೆಗಳ ದೂರ ಅಳೆದು ಬರೆದುಕೊಳ್ಳುತ್ತಾ ಹೋಗುತ್ತೇವೆ. ಗೆರೆ ಸರಿ ಇದ್ದರೆ ನಕ್ಷೆ ಸರಿ. ನಾನೂ ಕಾಕಾನೂ ಸೇರಿ ಮುಂದಿನ ಗೋಡೆಯನ್ನೂ ಹಿಂದಿನ ಗೋಡೆಯನ್ನೂ ಮೂರು ಮೂರು ಸಲ ಅಳೆದು ನಡುಮಧ್ಯ ಗುರುತು ಮಾಡಿದೆವು. ಮುಂದಿನ ಗುರುತು ದರವಾಜದ ಹೊಸ್ತಿಲ ಮೇಲೆ, ಹಿಂದಿನದು ಆಯಿಯ ಖೋಲಿಯ ಒಳಗೋಡೆಯ ಮೇಲೆ ಬಿತ್ತು. ಆ ಗೋಡೆಯ ಅಳತೆಯಲ್ಲಿ ಕಾಲಿಂಚಿನ ಫರಕು ಬಂದಿತೆಂದು ಮತ್ತೊಮ್ಮೆ ಅಳೆದೆ. ಅಷ್ಟು ಹಟ ನನಗೆ.

ಆಮೇಲೆ ಕಾಕಾ ಮಾಳಿಗೆಯ ಮೇಲೆ ಹೋದರು. ಗೆರೆ ಹೊಡೆಯಲು ನನಗೆ ಎರಡು ಕೈ ಬೇಕಿದ್ದವು. ಅಂಗಳದಲ್ಲಿ ಅಣ್ಣ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. "ಜರಾ ಈ ದಾರದ ತುದಿ ಹಿಡೀರಿ. ನೀವು ದರವಾಜದಲ್ಲಿ, ನೀವು ಒಳಗೆ ಆಯಿ ಖೋಲಿಯಲ್ಲಿ," ಎಂದೆ. ದಾರವನ್ನು ಸುಣ್ಣದ ನೀರಿನಲ್ಲಿ ಅದ್ದಿದ್ದೆ. ಬಿಗಿಯಾಗಿ ಹಿಡಿದು ನಡುವೆ ಎತ್ತಿ ಬಿಟ್ಟರೆ ನೆಲದ ಮೇಲೆ ಗೆರೆ ಮೂಡುತ್ತದೆ. ಗೌಂಡಿಗಳೆಲ್ಲ ಮಾಡುವುದು ಹೀಗೆಯೇ.

ಅಣ್ಣ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟರು. ಬಾವಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡು ಬಂದು ದಾರ ಹಿಡಿದರು. ತಮ್ಮನೂ ಹಾಗೆಯೇ ಮಾಡಿದರು. ಇಬ್ಬರ ಹೆಂಡಿರೂ ಒಳಗಿನಿಂದ ಬಂದು ಪಡಸಾಲೆಯ ಕಂಬ ಹಿಡಿದು ನಿಂತರು. ಎಷ್ಟು ಮರ್ಯಾದಸ್ಥ ಜನ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಆಯಿ ಮಾತ್ರ ಬಾಗಿಲಿಗೆ ಅಡ್ಡ ನಿಂತು, "ನನ್ನ ಖೋಲಿಯೊಳಗ ಯಾಕವ್ವ ದಾರ?" ಎಂದರು.

"ಅಳತೆಗೆ ಆಯಿ. ಜರಾ ಸರೀರಿ."

ಆಕೆ ಸರಿದರು. ನಾನು ದಾರ ಎತ್ತಿ ಬಿಟ್ಟೆ. ದರವಾಜದಿಂದ ಹಿಂದಿನ ಗೋಡೆಯವರೆಗೆ ತೊಂಬತ್ತಾರು ಅಡಿ ಉದ್ದದ ಬಿಳಿ ಗೆರೆ, ಒಂದು ಕೂದಲೆಳೆಯೂ ಆಚೀಚೆ ಆಗದೆ ಬಿತ್ತು. ಆಯಿಯ ಹೊರಸಿನ ಕೆಳಗೂ ಹಾದು ಹೋಯಿತು. ನನಗೆ ಖುಷಿಯಾಯಿತು.

ಮೂರನೆಯ ದಿನ ಬೆಳಿಗ್ಗೆ ಹೋದರೆ ಅಂಗಳದ ಗೆರೆ ಇದೆ, ಆಯಿಯ ಖೋಲಿಯೊಳಗಿನದು ಇಲ್ಲ. ಆಕೆ ನಸುಕಿನಲ್ಲೇ ಸಗಣಿ ಹಾಕಿ ನೆಲ ಸಾರಿಸಿಬಿಟ್ಟಿದ್ದರು. ನೆಲ ಹಸಿರಾಗಿ ಹೊಳೆಯುತ್ತಿತ್ತು. ಹೋಗಲಿ, ದಿನದ ರೂಢಿ, ಮರೆತಿರಬೇಕು ಎಂದುಕೊಂಡು ನೆಲ ಆರುವವರೆಗೆ ಕಾದು ಮತ್ತೆ ದಾರ ಹೊಡೆದೆ. ಅಷ್ಟರಲ್ಲಿ ಅರ್ಧ ದಿನ ಹೋಗಿತ್ತು. ಸಾರಿಸಬೇಡಿ ಎಂದು ಕೈಮುಗಿದು ಹೇಳಿ ಬಂದೆ.

ನಾಲ್ಕನೆಯ ದಿನವೂ ಗೆರೆ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು. ಆ ಖೋಲಿಯ ಅಳತೆಯನ್ನು ಅಂಗಳದ ಅಳತೆಗೆ ಜೋಡಿಸದೆ ನಕ್ಷೆ ಪೂರ್ತಿಯಾಗುವುದಿಲ್ಲ, ಮತ್ತು ದುರಸ್ತಿ ಬೇಕಾದದ್ದೇ ಆ ಖೋಲಿಗೆ. ನಾವು ಬಂದದ್ದೇ ಈಕೆಗಾಗಿ, ಈಕೆಯೇ ಅಡ್ಡಗಾಲು ಹಾಕುತ್ತಿದ್ದಾರೆ!

"ಆಯಿ, ನಿಮ್ಮ ತಲೆ ಮೇಲಿನ ತೊಲೆ ಬೀಳುವ ಹಾಗಿದೆ. ಅದನ್ನು ಸರಿ ಮಾಡಿಸಲು ನಾವು ಬಿಸಿಲಲ್ಲಿ ಸಾಯುತ್ತಿದ್ದೇವೆ. ನೀವು ದಿನಾ ಗೆರೆ ಅಳಿಸುತ್ತಾ ಕೂತರೆ ಹೇಗೆ? ಬಿದ್ದರೆ ನಮ್ಮನ್ನು ಕೇಳಬೇಡಿ!"

ದನಿ ಏರಿತ್ತು. ಪಡಸಾಲೆಯವರೆಲ್ಲ ಕೇಳಿಸಿಕೊಂಡರು. ಆಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ನನ್ನ ನೆಲ ನಾ ಸಾರಸ್ತೀನಿ. ಅದಕ್ಯಾಕ ಒದರ್ತಿ?" ಎಂದರು, ಅಷ್ಟೇ.

ನನ್ನ ಹಟವೇನು ಕಮ್ಮಿಯೇ? ಸುಣ್ಣ ಬಿಟ್ಟು ಕಬ್ಬಿಣದ ಮೊಳೆ ತೆಗೆದೆ. ಗೆರೆ ಹಾಯಬೇಕಾದ ದಾರಿಯಲ್ಲಿ ಖೋಲಿಯ ನೆಲಕ್ಕೆ ಆರು ಮೊಳೆ ಹೊಡೆದು, ಈಗ ಸಾರಿಸಿಕೊಳ್ಳಲಿ ಎಂದುಕೊಂಡು ಎದ್ದೆ. ಸಿಕ್ಕಷ್ಟು ಅಳತೆ ಹಾಳೆಗೆ ಇಳಿಸಲು ಮೂರು ದಿನ ಆಫೀಸಿಗೆ ಹೋದೆ.

ಸೋಮವಾರ, ಎಂಟನೆಯ ದಿನ, ದರವಾಜದೊಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಅಂಗಳದ ನಟ್ಟನಡುವೆ ಗೋಡೆ. ಉದ್ದನೆಯ ಫರಸಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಸಂದಿಗೆ ಸಿಮೆಂಟು ತುಂಬಿ, ಎದೆಮಟ್ಟ ಎಬ್ಬಿಸಿದ್ದರು. ನಾನು ಹೊಡೆದ ಗೆರೆಯ ಮೇಲೆಯೇ, ಹೊಸ್ತಿಲಿನಿಂದ ಆಯಿಯ ಬಾಗಿಲವರೆಗೆ. ಅಣ್ಣ ಒಂದು ಕಡೆ ನೀರು ಸುರಿಯುತ್ತಿದ್ದರು, ತಮ್ಮ ಇನ್ನೊಂದು ಕಡೆ ಕರಣಿ ಹಿಡಿದಿದ್ದರು. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಇಬ್ಬರೂ ನಗುನಗುತ್ತಾ ಹರಟುತ್ತಿದ್ದರು.

"ಬರ್ರಿ ಮೇಡಂ, ಬರ್ರಿ! ಭಾಳ ಉಪಕಾರ ಆತ್ರಿ ನಿಮ್ಮಿಂದ," ಎಂದರು ಅಣ್ಣ. "ಕುಂದ್ರಿ, ಚಾ ಕುಡೀರಿ."

"ಇದೇನು ಮಾಡಾಕತ್ತೀರಿ?"

"ನೀವು ಹೊಡೆದ ದಾರನೇ ಅದಲ್ರಿ. ಹನ್ನೊಂದು ವರ್ಷದಿಂದ ಪಾಲು ಆಗವಲ್ದು. ಊರಾಗಿನವ್ರು ಯಾರ್ ಹೊಡೆದ್ರೂ ಇವ್ರು ಅವರ ಕಡಿ, ಅವ್ರು ಇವರ ಕಡಿ ಅಂತ ಜಗಳ. ನೀವು ಹೊರಗಿನವ್ರು, ಹೆಣ್ಮಗಳು, ಟೇಪ್ ಹಿಡಿದು ಮೂರು ಮೂರು ಸಲ ಅಳದು ಹೊಡದ್ರಿ. ಇದಕ್ಕ ಯಾರೂ ಎದುರ್ ಆಡಂಗಿಲ್ಲ."

ತಮ್ಮ ಗೋಡೆಯ ಆಚೆಯಿಂದ ತಲೆಯೆತ್ತಿ, "ಖೋಲಿಯೊಳಗಿನದೊಂದೇ ಬಾಕಿ ಅದ ನೋಡ್ರಿ," ಎಂದರು.

ನಾನು ಕಾಕಾನ ಕಡೆ ತಿರುಗಿದೆ. ಅವರು ಆಕಾಶ ನೋಡುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಕೂರಿಸಿ ಕೇಳಿದಾಗ ಒಂದೊಂದೇ ಹೊರಬಂತು. ಆ ಊರುಗಳಲ್ಲಿ ಮನೆ ಪಾಲು ಮಾಡುವುದೇ ಹೀಗಂತೆ. ಪಾಲುದಾರರು ಇಬ್ಬರೂ ಕೈಕಾಲು ತೊಳೆದು ಸುಣ್ಣದ ದಾರದ ಎರಡು ತುದಿ ಹಿಡಿಯಬೇಕು, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು ನಡುವೆ ದಾರ ಚಿಮ್ಮಿಸಬೇಕು. ಬಿದ್ದ ಗೆರೆಯೇ ಹಿಸ್ಸಾ.

"ಕಾಕಾ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನಾ ಮಾಳಗಿ ಮ್ಯಾಲ ಇದ್ದೆ. ದಾರ ಯಾರು ಹಿಡದಾರ ನಾ ಎಲ್ಲಿ ನೋಡೀನಿ? ಮತ್ತ ನೀವು ಇಷ್ಟು ಓದಿದವ್ರು, ಗೊತ್ತಿರ್ತದ ಅಂದ್ಕೊಂಡೆ."

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನಿಸಿತು. ಮತ್ತೆ ಒಳಗೆ ಹೋಗಿ ಅಣ್ಣ ತಮ್ಮಂದಿರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅದು ನಕ್ಷೆಯ ಗೆರೆ, ಪಾಲಿನದಲ್ಲ. ನಾಳೆ ಅಳಿಸಿಹೋಗುವಂಥದ್ದು. ಇಬ್ಬರೂ ತಲೆಯಾಡಿಸುತ್ತಾ ಕೇಳಿ, "ಇರಲಿ ಬಿಡ್ರಿ ಮೇಡಂ, ದೊಡ್ಡ ಮನಸು ನಿಮ್ದು," ಎಂದರು. ಜಗಳವಾಡಿದ್ದರೆ ನಾನೂ ಜಗಳವಾಡುತ್ತಿದ್ದೆ. ಇಷ್ಟು ವಿನಯವಾಗಿ ಕಿವಿಗೆ ಹಾಕಿಕೊಳ್ಳದವರನ್ನು ಏನು ಮಾಡುವುದು?

ಆಯಿಯ ಖೋಲಿಗೆ ಹೋದೆ. ನೆಲದಲ್ಲಿ ನನ್ನ ಆರು ಮೊಳೆಗಳಲ್ಲಿ ಒಂದೂ ಇರಲಿಲ್ಲ. ಮೊಳೆ ಹೊಡೆದ ತೂತುಗಳನ್ನೂ ಮಣ್ಣಿನಿಂದ ಮುಚ್ಚಿ ಸಾರಿಸಲಾಗಿತ್ತು. ಆಯಿ ಹೊರಸಿನ ಮೇಲೆ ಕುಳಿತು ಬೇಳೆ ಆರಿಸುತ್ತಿದ್ದರು. ನನ್ನತ್ತ ನೋಡಲಿಲ್ಲ. ಹೊರಗಿನ ಗೋಡೆ ಸರಿಯಾಗಿ ಆಕೆಯ ಹೊಸ್ತಿಲಿಗೆ ಬಂದು ನಿಂತುಬಿಟ್ಟಿತ್ತು. ತಮ್ಮನ ಹೆಂಡತಿ ಆಮೇಲೆ ಹೇಳಿದರು: ಶನಿವಾರ ಅಣ್ಣ ತಮ್ಮ ಇಬ್ಬರೂ ಕಲ್ಲು ಹೊತ್ತು ಖೋಲಿಯೊಳಗೆ ಬಂದಾಗ ಆಯಿ ಎದ್ದು ನಿಂತು, "ಎಲ್ಲದ ಗೆರಿ? ತೋರಸ್ರಿ," ಎಂದರಂತೆ. ಇಬ್ಬರೂ ನೆಲ ತಡವಿ ನೋಡಿ, ಕಲ್ಲು ಹೊತ್ತುಕೊಂಡು ಹೊರಬಂದರಂತೆ. ಗೆರೆ ಇಲ್ಲದ ಕಡೆ ಕಲ್ಲಿಡುವಂತಿಲ್ಲ.

ಆಗ ನನಗೆ ಅರ್ಥವಾಯಿತು. ಮುಖದ ಮೇಲೆ ಯಾರೋ ನೀರು ಎರಚಿದಂತಾಯಿತು. ಆ ಮನೆಯಲ್ಲಿ ನಾನು ಏನು ಮಾಡುತ್ತಿದ್ದೇನೆಂದು ದಾರ ಹೊಡೆದ ದಿನವೇ ಆಕೆಗೆ ತಿಳಿದಿತ್ತು. ತಿಳಿದು, ಬಾಯಿ ಬಿಡದೆ, ತನ್ನ ಕೈಲಾದಷ್ಟು ದಿನಾ ಬೆಳಿಗ್ಗೆ ಅಳಿಸಿದ್ದರು. ನಾನು ಆಕೆಗೆ ಒದರಿದ್ದೆ.

"ಖೋಲಿ ಪಾಲಾದರೆ ಆಯಿ ಎಲ್ಲಿರುತ್ತಾರೆ?" ಎಂದು ಅಣ್ಣನನ್ನು ಕೇಳಿದೆ.

"ಆರು ತಿಂಗಳ ನಮ್ಮಲ್ಲಿ, ಆರು ತಿಂಗಳ ಅವನಲ್ಲಿ. ಅತ್ತಿನ ಬಿಡ್ತೀವೇನ್ರಿ? ಖೋಲಿ ಅರ್ಧ ನಾ ಮೇವಿಗೆ ಇಟ್ಕೋತೀನಿ, ಅವನ ಅರ್ಧ ಅವಂದು."

ಆಕೆಯ ಗಾಳಿ, ಆಕೆಯ ಬೆಳಕಿಂಡಿ, ಐವತ್ತು ವರ್ಷದ ನೆಲ. ಎಲ್ಲ ಮೇವಿಗೆ.

ಸಂಜೆ ಆಫೀಸಿಗೆ ಫೋನು ಮಾಡಿದೆ. ನಮ್ಮ ಸರ್ ಕೆಟ್ಟವರಲ್ಲ, ಅವಸರದವರು. "ನೋಡಮ್ಮಾ, ಮನೆ ಒಡೆದರೆ ದುರಸ್ತಿ ಸಿಗೋದಿಲ್ಲ. ಒಂದು ಮನೆಗಾಗಿ ಹತ್ತು ದಿನ ಕೂತರೆ ಸೇಡಂ ಕಡೆಯ ಕೆಲಸ ಯಾರು ಮಾಡಬೇಕು? ಗುರುವಾರದೊಳಗೆ ಸಹಿ ತಗೊಂಡು ಬನ್ನಿ, ಇಲ್ಲಾ ಬಿಟ್ಟು ಬನ್ನಿ," ಎಂದರು. ಮಳೆಗಾಲ ಮುಗಿದ ಮೇಲೆ ಚಿಂಚೋಳಿ ಕಡೆಯ ಹಳೆ ಮನೆಗಳ ಅಳತೆಯನ್ನು ಪೂರ್ತಿ ನನಗೇ ಒಪ್ಪಿಸುವ ಮಾತಾಗಿತ್ತು. ಅದನ್ನೂ ನೆನಪಿಸಿದರು.

ಮರುದಿನ ಅಣ್ಣ ತಮ್ಮ ತಾವಾಗಿಯೇ ಒಂದು ದಾರಿ ಹೇಳಿದರು. ನಾನು ಖೋಲಿಯೊಳಗೆ ಒಂದು ದಾರ ಹೊಡೆದುಕೊಟ್ಟರೆ ಸಾಕು. ಗೋಡೆಯ ಕಲ್ಲುಗಳನ್ನು ಒಂದು ದಿನದ ಮಟ್ಟಿಗೆ ಕಿತ್ತಿಟ್ಟು, ಫೋಟೊ ತೆಗೆಯಲು ಬಿಟ್ಟು, ನಾವು ಒಂದೇ ಮನೆಯವರು ಎಂದು ಸಹಿ ಹಾಕುತ್ತಾರೆ. ದುರಸ್ತಿ ಆದ ಮೇಲೆ ಕಲ್ಲು ಮತ್ತೆ ನಿಲ್ಲಿಸುತ್ತಾರೆ. ಯಾರಿಗೂ ನಷ್ಟವಿಲ್ಲ.

ಸುಳ್ಳು ಹೇಳುವುದಿಲ್ಲ, ನನಗೆ ಆಸೆಯಾಯಿತು. ಒಂದು ದಾರ. ಅರ್ಧ ಗಳಿಗೆಯ ಕೆಲಸ. ನಕ್ಷೆ ಮುಗಿಯುತ್ತದೆ, ಸಹಿ ಬರುತ್ತದೆ, ತೊಲೆ ಬದಲಾಗುತ್ತದೆ, ಚಿಂಚೋಳಿ ನನ್ನದಾಗುತ್ತದೆ. ಹೊಸ ತೊಲೆಯ ಕೆಳಗೆ ಮೇವು ಇರುತ್ತದೆ, ಆಯಿ ಇರುವುದಿಲ್ಲ, ಅಷ್ಟೇ. ಗುರುವಾರ ಊರ ಪಂಚರನ್ನು ಕರೆದು ಅವರೆದುರೇ ಮಾಡೋಣ ಎಂದು ಅವರೇ ಗೊತ್ತು ಮಾಡಿದರು. ನಾನು ಬೇಡವೆನ್ನಲಿಲ್ಲ.

ಬುಧವಾರ ಸಂಜೆ ಬಸ್ಸಿನಲ್ಲಿ ಕಾಕಾನನ್ನು ಕೇಳಿದೆ. ಈ ಸಲ ಕೇಳಲು ಕಲಿತಿದ್ದೆ.

"ಕಾಕಾ, ಹೊಡೆದ ದಾರ ತಪ್ಪಾಗಿದ್ದರೆ ಏನು ಮಾಡುತ್ತಾರೆ?"

"ತಪ್ಪಂದ್ರ?"

"ಅಳತೆ ತಪ್ಪಿ, ಗೆರೆ ಸೊಟ್ಟ ಬಿದ್ದಿದ್ದರೆ?"

"ಹಂಗಾದ್ರ ಅದು ದಾರನೇ ಅಲ್ಲ. ಅಳಿಸಿಬಿಡ್ತಾರ. ತಪ್ಪಿ ಹೊಡೆದವ್ರಿಗಿ ಆ ಮನ್ಯಾಗ ಮತ್ತ ದಾರ ಮುಟ್ಟಸಂಗಿಲ್ಲ. ಬರೂ ಯುಗಾದಿತನಾ ಪಾಲಿನ ಮಾತೇ ತೆಗಿಯಂಗಿಲ್ಲ." ಆಮೇಲೆ ತಾವಾಗಿಯೇ ಒಂದು ಮಾತು ಸೇರಿಸಿದರು. ಅವರ ಜನ್ಮದಲ್ಲಿ ಅದೇ ಮೊದಲಿರಬೇಕು. "ಹೊಡೆದವ್ರ ಹೆಸರು ಮಾತ್ರ ಹಾಳಾಗ್ತದ, ತಂಗಿ."

ಕಾಕಾನ ಚೀಲದಲ್ಲಿ ಒಂದು ಹಳೆಯ ಹಳದಿ ಟೇಪು ಇತ್ತು. ತುದಿ ಹರಿದುಹೋಗಿ, ಮೊದಲ ಒಂದು ಅಡಿಯನ್ನು ಕತ್ತರಿಸಿ ತೆಗೆದಿದ್ದರು. ಅದರಲ್ಲಿ ಅಳೆಯುವಾಗ ಬಂದ ಅಂಕಿಯಿಂದ ಒಂದು ಅಡಿ ಕಳೆಯಬೇಕು. ಹೊಸಬರು ಮರೆಯುತ್ತಾರೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ನಾಚಿಕೆಗೇಡಿನ ತಪ್ಪು ಇನ್ನೊಂದಿಲ್ಲ. ಆ ಟೇಪನ್ನು ಕೇಳಿ ಪಡೆದೆ. ಕಾಕಾ ಯಾಕೆ ಎನ್ನಲಿಲ್ಲ.

ಗುರುವಾರ ಐವರು ಹಿರಿಯರು ದರವಾಜದ ಪಕ್ಕದ ಕಟ್ಟೆಯ ಮೇಲೆ ಬಂದು ಕುಳಿತರು. ಸುಣ್ಣದ ನೀರು, ದಾರ, ಎಲ್ಲ ಸಿದ್ಧವಿತ್ತು. ಅಣ್ಣ ತಮ್ಮ ಕೈಕಾಲು ತೊಳೆದಿದ್ದರು. ಆಯಿ ಖೋಲಿಯ ಬಾಗಿಲಲ್ಲಿ ನಿಂತಿದ್ದರು.

"ದಾರ ಹೊಡೆಯುವ ಮೊದಲು ಒಂದು ಮಾತು ಹೇಳಬೇಕು," ಎಂದೆ. "ಮೊನ್ನೆ ಹೊಡೆದ ಗೆರೆ ತಪ್ಪು."

ನಾನು ಟೇಪಿನ ತುದಿ ಬಿಚ್ಚಿ ಹಿರಿಯರ ಕೈಗೆ ಕೊಟ್ಟೆ. "ಇದರ ಮೊದಲ ಒಂದು ಅಡಿ ಇಲ್ಲ. ನಾನು ನೋಡಿಕೊಳ್ಳಲಿಲ್ಲ. ಮುಂದಿನ ಗೋಡೆಯನ್ನು ಬಲದಿಂದ ಅಳೆದೆ, ಹಿಂದಿನದನ್ನು ಎಡದಿಂದ. ಅದಕ್ಕೆ ದರವಾಜದ ಕಡೆ ಅಣ್ಣನ ಪಾಲಿಗೆ ಅರ್ಧ ಅಡಿ ಕಮ್ಮಿ ಬಿದ್ದಿದೆ. ಹಿಂದಿನ ಗೋಡೆಯಲ್ಲಿ ತಮ್ಮನ ಪಾಲಿಗೆ ಅರ್ಧ ಅಡಿ ಕಮ್ಮಿ. ಗೆರೆ ಪೂರಾ ಸೊಟ್ಟ."

ಹಿರಿಯರು ಟೇಪಿನ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಎಲ್ಲಿ, ಮೇಡಂ ಅಳೆದದ್ದು ಇದರಿಂದಲೇ ಏನು ಎಂದು ಕಾಕಾನನ್ನು ಕೇಳಿದರು.

"ಹೌದ್ರಿ," ಎಂದರು ಕಾಕಾ. "ಇದೇ ಇತ್ತು ಆಕಿ ಕೈಯಾಗ."

ಆಮೇಲೆ ಆದದ್ದನ್ನು ಬರೆಯಲು ಈಗಲೂ ಮುಜುಗರ. "ಅರ್ಧ ಅಡಿ ಹೊಡೀಲಿಕ್ಕೆ ನಗುತ್ತ ಕಲ್ಲು ಹೊತ್ತ್ಯಾ ನೀ?" ಎಂದು ಅಣ್ಣ ತಮ್ಮನ ಮೇಲೆ, ತಮ್ಮ ಅಣ್ಣನ ಮೇಲೆ ಹರಿಹಾಯ್ದರು. ಆಮೇಲೆ ಇಬ್ಬರೂ ಸೇರಿ ನನ್ನ ಮೇಲೆ ತಿರುಗಿದರು. "ಟೇಪ್ ಹಿಡಿಯಾಕ ಬರಲ್ದವ್ರು ಮಂದಿ ಮನಿ ಅಳೀಲಿಕ್ಕೆ ಯಾಕ ಬರ್ತೀರಿ?" ಎಂದರು ತಮ್ಮ. ಮೊನ್ನೆ ಚಾ ಕುಡೀರಿ ಎಂದ ಬಾಯಿಂದಲೇ ಅಣ್ಣ, "ಓದಿದ್ದು ಎಲ್ಲಿ ನೀವು?" ಎಂದು ಕೇಳಿದರು. ನಾನು ಶಹಾಬಾದಿನ ಕಲ್ಲು ಗಣಿಯವನ ಮಗಳು. ಟೇಪು ಓದುವುದನ್ನು ಅಕ್ಷರ ಓದುವುದಕ್ಕಿಂತ ಮೊದಲು ಕಲಿತವಳು. ಆ ಮಾತು ಗಂಟಲವರೆಗೆ ಬಂತು. ನುಂಗಿಕೊಂಡೆ. ಕಣ್ಣಲ್ಲಿ ನೀರು ಬಂತು, ಅದನ್ನು ಅವರು ತಪ್ಪಿನ ನಾಚಿಕೆ ಎಂದುಕೊಂಡರು. ಒಳ್ಳೆಯದೇ ಆಯಿತು.

ಹಿರಿಯರಲ್ಲಿ ಒಬ್ಬರು ಎದ್ದು ಪಂಚೆ ಕೊಡವಿಕೊಂಡರು. "ತಪ್ಪಿದ ದಾರ ದಾರ ಅಲ್ಲ. ಕಲ್ಲು ತೆಗೀರಿ. ಮಾಳಗಿ ಸಹಿ ಹಾಕೂದಿದ್ರ ಹಾಕ್ರಿ, ಅದು ಬ್ಯಾರೆ ಮಾತು. ಪಾಲಿಂದು ಯುಗಾದಿ ಆದಮ್ಯಾಲ ನೋಡಮು. ಈ ಹೆಣ್ಮಗಳ ಕೈಯಾಗ ಮಾತ್ರ ದಾರ ಕೊಡಬ್ಯಾಡ್ರಿ."

ಸಹಿ ಅಂದೇ ಬಿತ್ತು. ಮನೆ ಒಡೆಯುವುದಂತೂ ಇಲ್ಲ ಎಂದ ಮೇಲೆ ಸೋರುವ ಮಾಳಿಗೆ ಯಾರಿಗೆ ಬೇಕು? ಅಣ್ಣ ಸಹಿ ಮಾಡಿ ಪೆನ್ನನ್ನು ನನ್ನ ಕೈಗೆ ಕೊಡದೆ ಕಾಕಾನ ಕೈಗೆ ಕೊಟ್ಟರು.

ನಕ್ಷೆ ಇನ್ನೂ ಮುಗಿದಿರಲಿಲ್ಲ. ದಾರ ಮುಟ್ಟುವಂತಿಲ್ಲ, ಗೆರೆ ಹಾಕುವಂತಿಲ್ಲ. ಶುಕ್ರವಾರದಿಂದ ನಾಲ್ಕು ದಿನ ಗೆರೆಯಿಲ್ಲದೆ ಅಳೆದೆವು. ಎರಡು ಗೊತ್ತಾದ ಕಂಬಗಳಿಂದ ಒಂದೊಂದು ಮೂಲೆಗೂ ದೂರ ಹಿಡಿದು, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಹೋಗುವುದು ಆ ಕ್ರಮ. ಬಲು ಬೇಸರದ ಕೆಲಸ. ಒಂದು ತ್ರಿಕೋನ ತಪ್ಪಿದರೆ ಹಿಂದಿನ ಹತ್ತನ್ನು ಮತ್ತೆ ನೋಡಬೇಕು. ನಾವು ಅಳೆಯುವಾಗ ಮನೆಯವರು ಬಂದು ಹಿಂದೆ ನಿಂತು ಟೇಪಿನ ತುದಿಯನ್ನು ಇಣುಕಿ ನೋಡುತ್ತಿದ್ದರು. ಒಂದು ಸಲ ತಮ್ಮನ ಹೆಂಡತಿ, "ಈ ಸಲ ಮೊದಲಿನ ಅಡಿ ಅದ ಹೌದಿಲ್ಲೋ?" ಎಂದು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದರು. ನಾನು ತೋರಿಸಿದೆ. ಅಂಗಳದಿಂದ ಕಲ್ಲುಗಳು ಒಂದೊಂದಾಗಿ ಹೋದವು. ಸಿಮೆಂಟಿನ ಗುರುತು ಫರಸಿಯ ಮೇಲೆ ಉಳಿಯಿತು.

ಸುದ್ದಿ ನನಗಿಂತ ಮೊದಲೇ ಆಫೀಸು ಮುಟ್ಟಿತ್ತು. ಕತ್ತರಿಸಿದ ಟೇಪಿನಲ್ಲಿ ಅಳೆದಿರಂತೆ ಎಂದು ಸರ್ ಕೇಳಿದರು. ಹೌದು ಸರ್ ಎಂದೆ. ಪೂರ್ತಿ ಹೇಳಬಹುದಿತ್ತು, ಹೇಳಿದರೆ ಅದು ಆ ಊರಿಗೆ ವಾಪಸು ಹೋಗಲು ಎಷ್ಟು ಹೊತ್ತು? ಅವರು ಚಿಂಚೋಳಿಯ ಕೆಲಸವನ್ನು ನನಗಿಂತ ಎರಡು ವರ್ಷ ಕಿರಿಯನಿಗೆ ಒಪ್ಪಿಸಿದರು. ಅವನು ಈಗಲೂ ಟೇಪು ಕೈಗೆತ್ತಿಕೊಂಡಾಗಲೆಲ್ಲ ಮೊದಲು ಅದರ ತುದಿಯನ್ನು ನನಗೆ ತೋರಿಸಿ ನಗುತ್ತಾನೆ. ಅವನ ಕೆನ್ನೆಗೆ ಬಾರಿಸಬೇಕೆಂದು ಪ್ರತಿ ಸಲವೂ ಅನಿಸುತ್ತದೆ.

ಕೊನೆಯ ದಿನ, ಹದಿನೈದನೆಯ ದಿನದ ಮಧ್ಯಾಹ್ನ, ಆಯಿಯ ಖೋಲಿಯ ಅಳತೆ ಮುಗಿಯಿತು. ಕಾಕಾ ಹೊರಗೆ ಸಾಮಾನು ಕಟ್ಟುತ್ತಿದ್ದರು. ನಾನು ಆಯಿಗೆ ತೊಲೆಯ ಮರ ಬರುವ ದಿನ ಹೇಳಿ, ಅಂದು ಒದರಿದ್ದಕ್ಕೆ ತಪ್ಪಾಯಿತು ಎಂದೆ. ಆಕೆ ದೇವರ ಜಗಲಿಯ ಪಕ್ಕದ ಗೂಡಿಗೆ ಕೈ ಹಾಕಿ ಒಂದು ಹಳೆ ವಿಭೂತಿ ಡಬ್ಬಿ ತೆಗೆದರು. ಅದರಲ್ಲಿ ನನ್ನ ಮೊಳೆಗಳಿದ್ದವು. ಎಣ್ಣೆ ಸವರಿ ಇಟ್ಟಿದ್ದರು.

"ತಗೋ. ತುಕ್ಕು ಹಿಡೀತಾವ ಅಂತ ಎಣ್ಣಿ ಹಚ್ಚೀನಿ."

ತೆಗೆದುಕೊಂಡು ಹೊರಡಲು ತಿರುಗಿದೆ.

"ಯವ್ವಾ, ನಿಲ್ಲು," ಎಂದರು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೊದಲನೇ ದಿನ ಗೆರಿ ಅಳಸೂಕಿಂತ ಮೊದಲ ನಾ ಮೊಳಾ ಹಾಕಿ ನೋಡಿದ್ದೆ. ಈ ಗ್ವಾಡಿಯಿಂದ ಗೆರಿಗಿ ಆರು ಮೊಳ. ಆ ಗ್ವಾಡಿಯಿಂದ ಗೆರಿಗಿ ಆರು ಮೊಳ." ಮೊಣಕೈಯಿಂದ ಬೆರಳ ತುದಿಯವರೆಗೆ ತೋಳು ಚಾಚಿ ತೋರಿಸಿದರು. "ಒಂದು ಬೆರಳೂ ಫರಕ ಇದ್ದಿಲ್ಲ. ಭಾಳ ಚಂದ ಹೊಡದಿದ್ದಿ."